ಹಬ್ಬದ ಸಾಲಿಗೆ ಮುಂಚೆ ಅಡುಗೆಮನೆ ರಿಪೇರಿ: ಸೌಟು, ಬಾಣಲೆ, ಪಾಕ, ಡಬ್ಬಿ

ಹಬ್ಬದ ಸಾಲು ಬಂದರೆ ತೂಕ ಏರುತ್ತದೆ, ಸಕ್ಕರೆ ಏರುತ್ತದೆ ಎಂದು ದೂರುವವರೆಲ್ಲ ಬೆರಳು ತೋರಿಸುವುದು ಹಬ್ಬದ ದಿನದ ಎಲೆಯ ಕಡೆಗೆ. ಲೆಕ್ಕ ಹಾಕಿದರೆ ಆ ಒಂದೂಟ ಅಷ್ಟೇನೂ ದೊಡ್ಡ ಅಪರಾಧಿಯಲ್ಲ. ಸೋರಿಕೆ ಇರುವುದು ಬೇರೆ ಕಡೆ: ಅಳತೆ ಇಲ್ಲದ ಸೌಟಿನಲ್ಲಿ, ಬಿಸಿ ತಪ್ಪಿದ ಬಾಣಲೆಯಲ್ಲಿ, ಹಬ್ಬ ಮುಗಿದು ಎರಡು ವಾರವಾದರೂ ಕಟ್ಟೆ ಬಿಟ್ಟು ಕದಲದ ಡಬ್ಬಿಯಲ್ಲಿ. ಆದ್ದರಿಂದ ಈ ದಾಖಲೆಯಲ್ಲಿ ಊಟವನ್ನು ಕತ್ತರಿಸುವ ಕೆಲಸವಿಲ್ಲ. ಸೋರುವ ಜಾಗ ಹುಡುಕಿ ಮುಚ್ಚುವ ಕೆಲಸವಿದೆ. ಲೆಕ್ಕಕ್ಕೆ ನಾಲ್ಕು ಜನರ ಮನೆ, ದಿನಕ್ಕೆ ಒಬ್ಬರಿಗೆ 2000 ಕಿಲೋಕ್ಯಾಲರಿ ಎಂದು ಹಿಡಿದಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಊಟದ ಹೊತ್ತು, ಪ್ರಮಾಣ ಬದಲಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಹದಿನಾಲ್ಕು ದಿನ ಮುಂಚೆ: ಸಲಕರಣೆ

ಬೇಕಾದ್ದು ಹೆಚ್ಚೇನಿಲ್ಲ. ಒಂದೊಂದು ಗ್ರಾಂ ತೋರಿಸುವ, 5 ಕಿಲೋ ಹೊರುವ ಡಿಜಿಟಲ್ ತಕ್ಕಡಿ. 250 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಉದ್ದ ಕಡ್ಡಿಯ ಥರ್ಮಾಮೀಟರ್. ಫ್ರಿಜ್ ಒಳಗಿಡುವ ಇನ್ನೊಂದು ಸಣ್ಣ ಥರ್ಮಾಮೀಟರ್. 5 ಮತ್ತು 15 ಮಿಲಿಲೀಟರ್ ಅಳತೆ ಚಮಚ. ಕಾಲಿರುವ ಕಂಬಿ ಜಾಲರಿ, ಅದರ ಕೆಳಗಿಡಲು ಒಂದು ತಟ್ಟೆ. 5 ಸೆಂಟಿಮೀಟರ್ ಆಳದ ಅಗಲ ಪಾತ್ರೆ ಮೂರ್ನಾಲ್ಕು. 100 ಗ್ರಾಂ ಹಿಡಿಯುವ ಸಣ್ಣ ಡಬ್ಬಿ ಒಂದು ಡಜನ್. ಕಾಗದದ ಟೇಪು, ಪೆನ್ನು.

ಬಳಸುವ ಮೊದಲು ಇವನ್ನೇ ಒಮ್ಮೆ ಪರೀಕ್ಷಿಸಿ. ಅಳತೆ ಜಾಡಿಯಲ್ಲಿ ಸರಿಯಾಗಿ 500 ಮಿಲಿ ನೀರು ಹಿಡಿದರೆ ತಕ್ಕಡಿ 500 ಗ್ರಾಂ ತೋರಿಸಬೇಕು; ಐದು ಗ್ರಾಂ ಆಚೀಚೆ ಆದರೆ ಪರವಾಗಿಲ್ಲ. ಇಂಥ ತಕ್ಕಡಿಗಳಿಗೆ ಒಂದು ಚಾಳಿ ಇದೆ: ಉಪ್ಪನ್ನೋ ಸೋಡವನ್ನೋ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಹೋದರೆ ಆ ಸಣ್ಣ ಏರಿಕೆಯನ್ನು ನಡುಕ ಎಂದು ತಿಳಿದು ತಾನೇ ಸೊನ್ನೆಗೆ ಎಳೆದುಕೊಳ್ಳುತ್ತದೆ. ತಕ್ಕಡಿ 3 ಗ್ರಾಂ ಎನ್ನುವಾಗ ಬಟ್ಟಲಲ್ಲಿ 5 ಗ್ರಾಂ ಇರುತ್ತದೆ. ಉಪ್ಪನ್ನು ಬೇರೆ ಬಟ್ಟಲಿಗೆ ಹಾಕಿ, ಬಟ್ಟಲನ್ನೇ ಒಮ್ಮೆಗೆ ತಕ್ಕಡಿ ಮೇಲಿಟ್ಟು ಓದಿ.

ಥರ್ಮಾಮೀಟರನ್ನು ಪುಡಿ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರುವುದು ಸಮುದ್ರಮಟ್ಟದಲ್ಲಿ ಮಾತ್ರ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಎತ್ತರದ ಊರಿನವರು ಇದನ್ನು ಮರೆತು ಒಳ್ಳೆಯ ಥರ್ಮಾಮೀಟರನ್ನು ಕೆಟ್ಟಿದೆ ಎಂದು ಎಸೆದುಬಿಡುವುದುಂಟು. ಎಷ್ಟು ತಪ್ಪು ತೋರಿಸುತ್ತದೋ ಅಷ್ಟನ್ನು ಟೇಪಿನ ಮೇಲೆ ಬರೆದು ಅದಕ್ಕೇ ಅಂಟಿಸಿ. ಪಾಕದ ಹದಕ್ಕೆ ಎರಡು ಡಿಗ್ರಿ ತಪ್ಪೇ ದೊಡ್ಡದು.

ಹನ್ನೆರಡು ದಿನ ಮುಂಚೆ: ಸೌಟಿಗೆ ನಂಬರ್ ಹಾಕುವುದು

‘ಎರಡು ಸೌಟು’, ‘ಒಂದು ಚಮಚ’ ಎನ್ನುವ ಮಾತಿಗೆ ಬೆಲೆ ಬರಬೇಕಾದರೆ ಸೌಟು ಎಷ್ಟು ಹಿಡಿಯುತ್ತದೆ ಎಂದು ಗೊತ್ತಿರಬೇಕು. ಮನೆಯ ಎಲ್ಲ ಸೌಟು, ಚಮಚಗಳಿಗೂ ಅಂಚಿನ ತನಕ ನೀರು ತುಂಬಿ ಬಟ್ಟಲಿಗೆ ಸುರಿದು ತೂಗಿ. ಎಷ್ಟು ಗ್ರಾಂ ನೀರೋ ಅಷ್ಟು ಮಿಲಿ. ಅದೇ ಸೌಟಿನಲ್ಲಿ ಎಣ್ಣೆಯಾದರೆ 0.92ರಿಂದ ಗುಣಿಸಿ. ಹಿಡಿಯ ಹಿಂಬದಿ ಶಾಶ್ವತ ಶಾಯಿಯಲ್ಲಿ ಆ ಅಂಕಿ ಬರೆದುಬಿಡಿ. ಚಮಚ ಎನ್ನುವ ಹೆಸರಿನಲ್ಲಿ 5 ಮಿಲಿಯದೂ 12 ಮಿಲಿಯದೂ ಒಂದೇ ಡಬ್ಬದಲ್ಲಿ ಸಿಗುತ್ತವೆ.

ಎಣ್ಣೆಗೆ ಇದಕ್ಕಿಂತ ಸುಲಭದ ದಾರಿ ಇದೆ: ಅಡುಗೆಗೆ ಮುಂಚೆ ಬಾಟಲಿ ತೂಗಿ, ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಹೊಟ್ಟೆಗೆ ಹೋದ ಎಣ್ಣೆ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ. ಹಿಟ್ಟಿಗೂ ಸಕ್ಕರೆಗೂ ಸುಮಾರು 4. ಹಬ್ಬದ ಅಡುಗೆಯಲ್ಲಿ ಮೂರು ಪದಾರ್ಥಗಳಿಗೆ ತಲಾ ಒಂದು 15 ಮಿಲಿ ಚಮಚ ಎಣ್ಣೆ ಹೆಚ್ಚಿಗೆ ಬಿದ್ದಿತೆನ್ನಿ. ಚಮಚಕ್ಕೆ 14 ಗ್ರಾಂನಂತೆ 42 ಗ್ರಾಂ, ಒಟ್ಟು 378 ಕಿಲೋಕ್ಯಾಲರಿ, ತಲೆಗೆ 95. ರುಚಿಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ ಕಡೆ ಕಡಿಮೆ ಮಾಡುವುದೇ ಈ ರಿಪೇರಿಯ ಮೊದಲ ನಿಯಮ. ನಾಲಿಗೆಗೆ ಗೊತ್ತಾಗುವ ಕಡೆ ಕೈ ಹಾಕಿದರೆ ಮೂರನೇ ದಿನಕ್ಕೇ ಮನೆಮಂದಿ ದಂಗೆ ಏಳುತ್ತಾರೆ.

ಬಾಯಿ ಅಗಲದ ಬಾಟಲಿಯಿಂದ ನೇರ ಸುರಿಯುವ ಅಭ್ಯಾಸವಿದ್ದರೆ ಸಣ್ಣ ಮೂತಿಯ ಪಾತ್ರೆಗೆ ಬದಲಾಯಿಸಿ. ಸ್ಪ್ರೇ ಬಾಟಲಿ ಕಾವಲಿಗೆ ಒಳ್ಳೆಯದು, ಆದರೆ ಮೂರೇ ವಾರದಲ್ಲಿ ಮೂತಿ ಕಟ್ಟಿಕೊಂಡು ಹನಿಯ ಬದಲು ಧಾರೆ ಬಿಡತೊಡಗುತ್ತದೆ. ವಾರಕ್ಕೊಮ್ಮೆ ಬಿಸಿ ಸೋಪು ನೀರು ಹಾಕಿ ಹತ್ತು ಸಲ ಒತ್ತಿ ತೊಳೆಯಬೇಕು.

ಹತ್ತು ದಿನ ಮುಂಚೆ: ಎಷ್ಟು ಮಾಡಬೇಕು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಬೇಕಾದ್ದು ಒಂದು ಪೆನ್ಸಿಲ್ ಮಾತ್ರ. ತಿಂಡಿಯ ಒಟ್ಟು ತೂಕವನ್ನು ಹಿಂದಿನಿಂದ ಲೆಕ್ಕ ಹಾಕಿ: ಜನ ಗುಣಿಸು ದಿನ ಗುಣಿಸು 25 ಗ್ರಾಂ. ನಾಲ್ಕು ಜನ, ಆರು ದಿನ ಎಂದರೆ 600 ಗ್ರಾಂ. ಇಪ್ಪತ್ತು ಜನ ಬಂದುಹೋಗುವವರಿದ್ದರೆ ಅವರಿಗೆ 500. ಒಟ್ಟು 1.1 ಕಿಲೋ ಕರಿದದ್ದು. ಸಿಹಿಗೂ ಇದೇ ಲೆಕ್ಕ. ಬಗೆ ಹೆಚ್ಚಾದಷ್ಟೂ ತಿನ್ನುವುದು ಹೆಚ್ಚುತ್ತದೆ: ಒಂದು ರುಚಿಗೆ ಬೇಸತ್ತ ನಾಲಿಗೆ ಬೇರೆ ರುಚಿ ಕಂಡರೆ ಮತ್ತೆ ಚುರುಕಾಗುತ್ತದೆ. ಆದ್ದರಿಂದ ನಾಲ್ಕು ಬಗೆ ಕಾಲು ಕಾಲು ಕಿಲೋ ಮಾಡುವುದಕ್ಕಿಂತ ಎರಡು ಬಗೆ ಅರ್ಧರ್ಧ ಕಿಲೋ ಮಾಡುವುದು ಮೇಲು.

ಎಂಟು ದಿನ ಮುಂಚೆ: ಬಾಣಲೆ

ಕರಿಯುವಾಗ ಒಳಗೆ ನಡೆಯುವುದೇನೆಂದು ತಿಳಿದರೆ ತಿದ್ದುವುದು ಸುಲಭ. ಬಿಸಿ ಎಣ್ಣೆಗೆ ಬಿದ್ದ ಹಿಟ್ಟಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಆ ಗುಳ್ಳೆಗಳು ಜೋರಾಗಿ ಏಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿಯಿಲ್ಲ. ತಿಂಡಿ ಹೊರಗೆ ಬಂದು ತಣಿಯತೊಡಗಿದ ಕ್ಷಣ ಒಳಗಿನ ಆವಿ ಕುಗ್ಗಿ ನೀರಾಗುತ್ತದೆ, ರಂಧ್ರಗಳಲ್ಲಿ ಒತ್ತಡ ಇಳಿಯುತ್ತದೆ, ಮೈಗಂಟಿದ ಎಣ್ಣೆಯನ್ನೆಲ್ಲ ತಿಂಡಿ ಸ್ಟ್ರಾ ಹಾಕಿದಂತೆ ಎಳೆದುಕೊಳ್ಳುತ್ತದೆ. ತಿಂಡಿ ‘ಎಣ್ಣೆ ಕುಡಿಯುವುದು’ ಹೆಚ್ಚಾಗಿ ಬಾಣಲೆಯೊಳಗಲ್ಲ, ಬಾಣಲೆಯಿಂದ ತೆಗೆದ ಮೇಲಿನ ಮೊದಲ ಅರ್ಧ ನಿಮಿಷದಲ್ಲಿ.

ಹಾಗಾಗಿ ಜಾಲರಿ ಸೌಟಿನಲ್ಲಿ ಎತ್ತಿದ ಮೇಲೆ ಎಣ್ಣೆಯ ಮೇಲೆಯೇ, ಬಿಸಿ ಏಳುವ ಕಡೆ ಹಿಡಿದು, ಎರಡು ಸಲ ಕೊಡವಿ, 15–20 ಸೆಕೆಂಡು ನಿಲ್ಲಿಸಿ. ಆಮೇಲೆ ಕಂಬಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ, ಆದಷ್ಟು ನೇರವಾಗಿ ನಿಲ್ಲಿಸಿಡಿ. ಕಾಗದದ ಮೇಲೆ ರಾಶಿ ಹಾಕಿದರೆ ಮೇಲಿನದರ ಎಣ್ಣೆ ಕೆಳಗಿನದಕ್ಕೆ ಇಳಿಯುತ್ತದೆ, ಆವಿ ಅಲ್ಲೇ ಸಿಕ್ಕಿಕೊಂಡು ಗರಿ ಹೋಗುತ್ತದೆ. ಕಾಗದ ಒದ್ದೆಯಾದದ್ದು ಕಂಡು ಎಣ್ಣೆ ಹೋಯಿತೆಂದು ಸಮಾಧಾನಪಟ್ಟುಕೊಳ್ಳುವುದು ಬೇಡ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಬಿಸಿ: 170ರಿಂದ 180 ಡಿಗ್ರಿ. ಎಣ್ಣೆಯ ತೂಕದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಹಸಿ ಹಿಟ್ಟು ಒಂದು ಸಲಕ್ಕೆ ಬೇಡ. ಒಂದು ಕಿಲೋ ಎಣ್ಣೆಗೆ 160 ಗ್ರಾಂ. ಹಾಕಿದ ಮೇಲೆ ಬಿಸಿ 20 ಡಿಗ್ರಿಗಿಂತ ಹೆಚ್ಚು ಇಳಿದರೆ ಪ್ರಮಾಣ ಇನ್ನೂ ಕಡಿಮೆ ಮಾಡಿ. ಮುಂದಿನ ಸಲ ಹಾಕುವ ಮೊದಲು ಎಣ್ಣೆ ಮತ್ತೆ 175ಕ್ಕೆ ಬರಲಿ. ಬಿಸಿ 150ರ ಕೆಳಗೆ ಕೂತರೆ ಹೊರಗಿನ ಪದರ ಕಟ್ಟುವುದು ತಡವಾಗುತ್ತದೆ, ತಿಂಡಿ ಎಣ್ಣೆಯಲ್ಲಿ ಕೂರುವ ಹೊತ್ತು ಎರಡರಷ್ಟಾಗುತ್ತದೆ, ಹಿಂಡಿದರೆ ಹನಿಯುವಂತಾಗುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಬಾಣಲೆ ತುಂಬಾ ಸುರಿಯುವುದರಿಂದ ಆಗುವ ನಷ್ಟ ಇದು. ಬೇಗ ಮುಗಿಸಲೆಂದು ಮಾಡಿದ್ದು ಹೊತ್ತನ್ನೂ ಎಣ್ಣೆಯನ್ನೂ ಎರಡನ್ನೂ ತಿನ್ನುತ್ತದೆ.

ಮೇಲಿನ ಮಿತಿಯೂ ಇದೆ. ಪಿಷ್ಟವಿರುವ ಪದಾರ್ಥವನ್ನು 120 ಡಿಗ್ರಿಗಿಂತ ಮೇಲೆ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ತೋರಿಸಿದರು. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಹೊನ್ನಿನ ಬಣ್ಣಕ್ಕೆ ತೆಗೆಯಿರಿ. ಜಾಲರಿಯ ಮೇಲೆ ಕೂತ ಮೇಲೂ ಬಣ್ಣ ಒಂದು ಹಂತ ಏರುತ್ತದೆ, ಅದಕ್ಕೆ ಜಾಗ ಬಿಟ್ಟುಕೊಳ್ಳಿ.

ಹಿಟ್ಟಿನ ಕಡೆ ಎರಡು ತಪ್ಪು ಮರುಕಳಿಸುತ್ತವೆ. ನೀರು ಜಾಸ್ತಿಯಾದರೆ ಅಷ್ಟೂ ನೀರು ಆವಿಯಾಗಿ ಹೋದ ಜಾಗ ರಂಧ್ರವಾಗಿ ಉಳಿದು ಎಣ್ಣೆಗೆ ಮನೆಯಾಗುತ್ತದೆ. ಕಲಸುವಾಗ ಹಾಕುವ ಬಿಸಿ ಕೊಬ್ಬು 500 ಗ್ರಾಂ ಹಿಟ್ಟಿಗೆ 30ರಿಂದ 40 ಗ್ರಾಂ ಸಾಕು; ಅದರ ದುಪ್ಪಟ್ಟಾದರೆ ತಿಂಡಿ ಎಣ್ಣೆಗೆ ಬಿದ್ದ ಕೂಡಲೇ ಬಿರಿಯುತ್ತದೆ, ಬಿರುಕಿಗೆಲ್ಲ ಎಣ್ಣೆ ನುಗ್ಗುತ್ತದೆ. ಆ ಕೊಬ್ಬು ಭಾಗಶಃ ಹೈಡ್ರೋಜನೀಕರಿಸಿದ (ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ) ಎಣ್ಣೆ ಆಗಿರಬಾರದು. ಅದರಲ್ಲಿರುವ ಟ್ರಾನ್ಸ್ ಕೊಬ್ಬನ್ನು ಆಹಾರದಿಂದ ಪೂರ್ತಿ ತೆಗೆದುಹಾಕಲು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಕರೆ ಕೊಟ್ಟಿದೆ. ಪೊಟ್ಟಣದ ಹಿಂಬದಿಯ ಪಟ್ಟಿ ಓದಿ ಕೊಳ್ಳಿ.

ಎಷ್ಟು ಎಣ್ಣೆ ಹೋಯಿತೆಂದು ತಿಳಿಯಲು ತಿಂಡಿ ತೂಗಿದರೆ ಮೋಸ ಹೋಗುತ್ತೀರಿ: ನೀರು ಹೋಗಿ, ಎಣ್ಣೆ ಬಂದು, ಎರಡೂ ಕಲಸಿಹೋಗಿರುತ್ತವೆ. ತೂಗಬೇಕಾದ್ದು ಎಣ್ಣೆಯನ್ನು. ಒಂದು ಮಾದರಿ ಲೆಕ್ಕ: ಶುರುವಿಗೆ 1000 ಗ್ರಾಂ. ಪೂರ್ತಿ ತಣಿದು, ತಟ್ಟೆಗೆ ಸೋರಿದ್ದನ್ನೂ ಸೇರಿಸಿ, ಸೋಸಿದ ಮೇಲೆ 845. ಬಟ್ಟೆ, ಬಾಣಲೆಗೆ ಅಂಟಿದ್ದು 10. ತಿಂಡಿಗೆ ಹೋದದ್ದು 145 ಗ್ರಾಂ, ಅಂದರೆ 1305 ಕಿಲೋಕ್ಯಾಲರಿ. ಸಿದ್ಧವಾದ ತಿಂಡಿ 685 ಗ್ರಾಂ ಬಂದಿದ್ದರೆ ಅದರ ನೂರಕ್ಕೆ 21 ಭಾಗ ಎಣ್ಣೆ. 25 ಗ್ರಾಂ ತಿಂದರೆ 5 ಗ್ರಾಂ ಎಣ್ಣೆ, ಹಿಟ್ಟೂ ಸೇರಿ 110 ಕಿಲೋಕ್ಯಾಲರಿಯ ಸುಮಾರು. ಎರಡನೇ ಸಲ ಮಾಡುವಾಗ ಈ ಶೇಕಡಾ ಇಳಿಯಿತೇ ಎಂದಷ್ಟೇ ನೋಡಿ. ಬಿಸಿ ಕಾಯ್ದು ಕೊಡವಿದವರಿಗೆ ಇಳಿದೇ ಇಳಿಯುತ್ತದೆ.

ಉಳಿದ ಎಣ್ಣೆ: ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಾಯಿ ಬಿಗಿದು, ಕತ್ತಲಲ್ಲಿಡಿ. ತಳದ ಕಪ್ಪು ಪುಡಿ ಉಳಿದರೆ ಅದೇ ಮುಂದಿನ ಸಲ ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುತ್ತದೆ. ನೊರೆ ಎದ್ದು ಇಳಿಯದಿದ್ದರೆ, 175 ಡಿಗ್ರಿಗೇ ಹೊಗೆಯಾಡಿದರೆ, ಬೆರಳಿಗೆ ಜಿಗುಟು ಹತ್ತಿದರೆ ಚೆಲ್ಲಿ. ಹಳೆಯದಕ್ಕೆ ಹೊಸ ಎಣ್ಣೆ ಬೆರೆಸಿ ಉಳಿಸಿದೆನೆಂದುಕೊಂಡರೆ ಹೊಸದೂ ಹಾಳಾಗುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ಬಿಗಿಯಾದ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ.

ಓವನ್‌ನಲ್ಲೋ ಏರ್ ಫ್ರೈಯರ್‌ನಲ್ಲೋ ಬೇಯಿಸುವುದಾದರೆ ಅದೇ ಹಿಟ್ಟನ್ನು ಅದೇ ದಪ್ಪಕ್ಕೆ ಇಟ್ಟು ಕಲ್ಲು ಮಾಡಿಕೊಳ್ಳಬೇಡಿ. ಗಾಳಿ ಎಣ್ಣೆಯಷ್ಟು ವೇಗವಾಗಿ ಬಿಸಿ ದಾಟಿಸುವುದಿಲ್ಲ. ನೀರು ನಿಧಾನಕ್ಕೆ ಹೋಗಿ ತಿಂಡಿ ಬಿಗಿಯುತ್ತದೆ. 2–3 ಮಿಲಿಮೀಟರ್‌ಗೆ ಲಟ್ಟಿಸಿ, ಮುಳ್ಳುಚಮಚದಿಂದ ಚುಚ್ಚಿ, ಒಂದು ಚಮಚ ಎಣ್ಣೆ ಸವರಿ, 165 ಡಿಗ್ರಿಯಲ್ಲಿ ಸುಮಾರು 20 ನಿಮಿಷ. ಆಮೇಲೆ ಆರಿಸಿದ ಓವನ್ ಒಳಗೇ ಬಾಗಿಲು ಬೆರಳಷ್ಟು ತೆರೆದು ಕಾಲು ಗಂಟೆ ಒಣಗಲು ಬಿಡಿ. ಏರ್ ಫ್ರೈಯರ್ ಆದರೆ ಒಂದೇ ಪದರ, ಹೊತ್ತು ಕಡಿಮೆ. ರುಚಿ ಕರಿದದ್ದರಂತೆಯೇ ಇರುತ್ತದೆ ಎಂಬ ಆಸೆ ಮಾತ್ರ ಬೇಡ. ಇದು ಬೇರೆಯೇ ತಿಂಡಿ.

ಐದು ದಿನ ಮುಂಚೆ: ಸಿಹಿ

ಸಕ್ಕರೆ ಎಲ್ಲ ಸಿಹಿಯಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವದರಲ್ಲಿ ಬರೀ ರುಚಿ, ಕೆಲವದರಲ್ಲಿ ಅದೇ ಗೋಡೆ. ಗೋಡೆ ಒಡೆದರೆ ಮನೆ ಬೀಳುತ್ತದೆ.

ಹಾಲು ಬತ್ತಿಸಿ ಮಾಡುವ ಸಿಹಿಗಳಲ್ಲಿ, ಹಣ್ಣು ಬೇಯಿಸಿದ್ದರಲ್ಲಿ ಸಕ್ಕರೆ ರುಚಿಗಷ್ಟೇ. ಒಂದು ಲೀಟರ್ ಹಾಲಿಗೆ 100 ಗ್ರಾಂ ಹಾಕುವ ರೂಢಿ ಇದ್ದರೆ 70ಕ್ಕೆ ಇಳಿಸಿ, ಹಾಲನ್ನು ಇನ್ನಷ್ಟು ಬತ್ತಿಸಿ. ಹಾಲಿನ ಸ್ವಂತ ಸಿಹಿ ಗಟ್ಟಿಯಾಗುತ್ತದೆ. ಒಮ್ಮೆಗೇ ಅರ್ಧಕ್ಕೆ ಇಳಿಸಬೇಡಿ. ಮೊದಲು 85, ಮುಂದಿನ ಸಲ 70. ಬಡಿಸುವಾಗ ಐಸಿನಂತೆ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಮಂದವಾಗಿ ತಾಗುತ್ತದೆ, ತಣ್ಣಗೆ ಬಡಿಸುವ ಸಿಹಿಗೆ ಸಕ್ಕರೆ ಹೆಚ್ಚು ಬೇಡುವುದು ಅದಕ್ಕೇ. ಬೆಚ್ಚಗೆ ಬಡಿಸಿ. ಚಿಟಿಕೆ ಉಪ್ಪು, ಏಲಕ್ಕಿ ಅಥವಾ ಚಕ್ಕೆಯ ವಾಸನೆ ಉಳಿದ ಕೊರತೆ ತುಂಬುತ್ತವೆ.

ಕೇಕಿನಂಥವುಗಳಲ್ಲಿ ಸಕ್ಕರೆ ನೀರನ್ನು ಹಿಡಿದಿಡುತ್ತದೆ, ಬಣ್ಣ ತರುತ್ತದೆ, ಹಿಟ್ಟು ಬೇಗ ಗಟ್ಟಿಯಾಗದಂತೆ ತಡೆದು ಉಬ್ಬಲು ಹೊತ್ತು ಕೊಡುತ್ತದೆ. 200 ಗ್ರಾಂ ಇದ್ದಲ್ಲಿ 150–160ರ ತನಕ ಇಳಿಸಬಹುದು. ಅದಕ್ಕೂ ಕೆಳಗೆ ಹೋದರೆ ಬಿಳಿಚಿಕೊಂಡು, ಒಣಗಿ, ಎರಡನೇ ದಿನಕ್ಕೆ ಪುಡಿಯಾಗುತ್ತದೆ. ಹಣ್ಣಿನ ತಿರುಳು 50–60 ಗ್ರಾಂ ಸೇರಿಸಿದರೆ ತೇವ ಮರಳಿ ಬರುತ್ತದೆ, ಆದರೆ ಆಗ ಹಾಲನ್ನೋ ನೀರನ್ನೋ ಅಷ್ಟೇ ಕಡಿಮೆ ಮಾಡಬೇಕು.

ಪಾಕದಿಂದ ಕಟ್ಟುವ ಸಿಹಿಗಳಲ್ಲಿ ಸಕ್ಕರೆಯೇ ಗೋಡೆ. ಎಳೆ ಪಾಕ 106ರಿಂದ 112 ಡಿಗ್ರಿ. ಮೆತ್ತನೆ ಉಂಡೆಯ ಹದ 112ರಿಂದ 116. ಆ ಬಿಸಿ ಎಂದರೆ ಪಾಕದಲ್ಲಿ ಸಕ್ಕರೆ ಎಷ್ಟು ಗಟ್ಟಿಯಾಗಿದೆ ಎಂಬುದರ ಅಳತೆಯೇ, ಹಾಗಾಗಿ ಸಕ್ಕರೆ ಕಡಿಮೆ ಹಾಕಿ ಅದೇ ಬಿಸಿಗೆ ತಂದರೆ ಪಾಕ ತೆಳುವಾಗುವುದಿಲ್ಲ, ಪಾಕವೇ ಕಡಿಮೆ ಬರುತ್ತದೆ. ಪುಡಿ ಕೂಡಿಕೊಳ್ಳದೆ ಉದುರುತ್ತದೆ. ಇಲ್ಲಿ ಪಾಕಕ್ಕೆ ಕೈ ಹಾಕದೆ ತುಂಡಿನ ಗಾತ್ರಕ್ಕೆ ಕೈ ಹಾಕಿ: 40 ಗ್ರಾಂ ತುಂಡನ್ನು 20ಕ್ಕೆ ಕತ್ತರಿಸಿ. ಹುರಿದ ಬೀಜಗಳ ತರಿ ಹೆಚ್ಚಿಸಿದರೆ ಅದೇ ಪಾಕಕ್ಕೆ ಹೆಚ್ಚು ತುಂಡು ಬರುತ್ತವೆ, ಪ್ರತಿ ತುಂಡಿನಲ್ಲಿ ಸಕ್ಕರೆ ಇಳಿಯುತ್ತದೆ. ಪಾಕ ಹರಳುಗಟ್ಟಿದರೆ ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ ಹದಕ್ಕೆ ತನ್ನಿ. ನಾಲ್ಕು ಹನಿ ನಿಂಬೆರಸ ಹಾಕಿದರೆ ಮರುಕಳಿಸುವುದಿಲ್ಲ.

ಸಕ್ಕರೆ ಕಡಿಮೆಯಾದ ಸಿಹಿ ಬೇಗ ಕೆಡುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಸಕ್ಕರೆ ನೀರನ್ನು ಕಟ್ಟಿಹಾಕಿ ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ. ಅದನ್ನು ತೆಗೆದರೆ ಆ ಕಾವಲೂ ಹೋಯಿತು. ಸಕ್ಕರೆ ಇಳಿಸಿದ ಹಾಲಿನ ಸಿಹಿ, ಹಣ್ಣಿನ ಮುರಬ್ಬ ಎಲ್ಲವೂ ಫ್ರಿಜ್‌ಗೇ ಹೋಗಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಯಬೇಕು.

ಸಕ್ಕರೆ ಬದಲು ಬೆಲ್ಲ, ಜೇನು ಹಾಕಿದ ಮಾತ್ರಕ್ಕೆ ಲೆಕ್ಕ ತಪ್ಪಿಸಿಕೊಳ್ಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆಯಲ್ಲಿ ಸೇರಿಸಿದ ಸಕ್ಕರೆಯ ಜೊತೆ ಜೇನು, ಪಾಕ, ಹಣ್ಣಿನ ರಸವೂ ಒಂದೇ ಗುಂಪು: ದಿನದ ಶಕ್ತಿಯ ನೂರಕ್ಕೆ 10ಕ್ಕಿಂತ ಕಡಿಮೆ, ಸಾಧ್ಯವಾದರೆ 5ಕ್ಕಿಂತ ಕೆಳಗೆ. 2000 ಕಿಲೋಕ್ಯಾಲರಿಗೆ ಇದು 50 ಗ್ರಾಂ, ಇನ್ನೂ ಒಳ್ಳೆಯದೆಂದರೆ 25. ಸಿಹಿ ಪಾನೀಯದಲ್ಲಿ ನೂರು ಮಿಲಿಗೆ 10 ಗ್ರಾಂ ಇದ್ದರೆ 250 ಮಿಲಿಯ ಒಂದು ಲೋಟಕ್ಕೇ ಆ 25 ಮುಗಿದುಹೋಗುತ್ತದೆ, ಹಲ್ಲಿಗೆ ಏನೂ ಸಿಗದೆ. ಹಬ್ಬದ ದಿನ ಸಿಹಿಯನ್ನು ಅಗಿದು ತಿನ್ನಿ, ಕುಡಿಯುವುದಕ್ಕೆ ನೀರಿರಲಿ. ಕೃತಕ ಸಿಹಿಕಾರಕಗಳನ್ನು ತೂಕ ಇಳಿಸಲು ಬಳಸಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಅಡುಗೆಯ ಲೆಕ್ಕದಲ್ಲೂ ಅವು ಪಾಕ ಕಟ್ಟುವುದಿಲ್ಲ.

ಉಪ್ಪಿನ ಬಗ್ಗೆ ಎರಡೇ ಮಾತು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. 500 ಗ್ರಾಂ ಹಿಟ್ಟಿಗೆ 10 ಗ್ರಾಂ ಹಾಕುತ್ತಿದ್ದರೆ ಹಿಟ್ಟಿಗೆ 4, ಕರಿದ ಮೇಲೆ ನುಣ್ಣಗೆ ಪುಡಿ ಮಾಡಿದ 2 ಗ್ರಾಂ ಮೇಲಿಂದ ಉದುರಿಸಿ. ನಾಲಿಗೆಗೆ ಮೊದಲು ತಾಗುವುದು ಮೇಲ್ಮೈ.

ಹಬ್ಬದ ದಿನ: ತಟ್ಟೆ

ಸಂಜೆಯ ಊಟಕ್ಕೆ ಹೊಟ್ಟೆ ‘ಉಳಿಸಿಕೊಳ್ಳಲು’ ಬೆಳಿಗ್ಗೆ ಬಿಡುವುದು ಹಳೆಯ ತಪ್ಪು. ಹಸಿದವರ ಕೈ ಮೊದಲು ಹೋಗುವುದು ಕರಿದದ್ದಕ್ಕೆ. ಬೆಳಿಗ್ಗೆ ಕಾಳು, ಮೊಸರು ಅಥವಾ ಮೊಟ್ಟೆ ಇರುವ 300 ಕಿಲೋಕ್ಯಾಲರಿಯ ಸಣ್ಣ ಊಟ ಇರಲಿ.

ಮುಖ್ಯ ಊಟದ ತಟ್ಟೆಯನ್ನು ತೂಕದಲ್ಲಿ ಕಟ್ಟಿದರೆ ಹೀಗಿರುತ್ತದೆ: ಬೇಯಿಸಿದ ಮತ್ತು ಹಸಿ ತರಕಾರಿ 200 ಗ್ರಾಂ, ಅದರಲ್ಲಿ ಎಣ್ಣೆ 8 ಗ್ರಾಂ, ಬೆಂದ ಕಾಳು 150, ಅನ್ನ 150, ಮೊಸರು 100, ಸಿಹಿ 30, ಕರಿದದ್ದು 25. ಒಟ್ಟು 800 ಕಿಲೋಕ್ಯಾಲರಿಯ ಆಚೀಚೆ. ಸಿಹಿಯೂ ಇದೆ, ಕರಿದದ್ದೂ ಇದೆ, ದಿನದ ಉಳಿದ ಊಟಕ್ಕೆ 1200 ಉಳಿದಿದೆ. ಇದನ್ನು ಒಂದೇ ಒಂದು ಸಲ ತಕ್ಕಡಿಯಲ್ಲಿಟ್ಟು ಕಟ್ಟಿ, ಕಣ್ಣಿಗೆ ಆ ಗಾತ್ರ ಹಿಡಿಸಿ. ನೆಂಟರೆದುರು ತಕ್ಕಡಿ ಹಿಡಿದು ಕೂರುವುದು ಯಾರಿಗೂ ಬೇಡ.

ತಪ್ಪುವುದು ಹೆಚ್ಚಾಗಿ ತರಕಾರಿಯಲ್ಲಿ. ದಿನಕ್ಕೆ ಒಬ್ಬರಿಗೆ ಹಣ್ಣು ತರಕಾರಿ ಸೇರಿ 400 ಗ್ರಾಂ ಬೇಕು. ಹಬ್ಬದ ಗಡಿಬಿಡಿಯಲ್ಲಿ ಹೆಚ್ಚುವ ಕೆಲಸವೇ ಮೊದಲು ಕೈಬಿಡುವುದು. ಹಿಂದಿನ ರಾತ್ರಿಯೇ ನಾಲ್ಕು ಜನಕ್ಕೆ 900 ಗ್ರಾಂ ಹೆಚ್ಚಿ, ಬಟ್ಟೆಯಲ್ಲಿ ನೀರು ಒರೆಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಉಪ್ಪು ಬೆರೆಸಿ ಇಟ್ಟರೆ ಬೆಳಿಗ್ಗೆಗೆ ನೀರು ಬಿಟ್ಟುಕೊಂಡಿರುತ್ತದೆ. ಬಡಿಸುವ ಸರದಿಯೂ ಕೆಲಸ ಮಾಡುತ್ತದೆ: ಮೊದಲು ತರಕಾರಿ, ಕಾಳು, ಆಮೇಲೆ ಅನ್ನ, ಸಿಹಿ ಕೊನೆಗೆ. ಈ ಸರದಿಯಲ್ಲಿ ಉಂಡರೆ ರಕ್ತದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಏರಿಕೆ ಇನ್ನೂ ತಗ್ಗುತ್ತದೆ.

ಅದೇ ರಾತ್ರಿ: ಉಳಿದದ್ದು

ಬೆಂದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಅನ್ನದ ಬಗ್ಗೆ ವಿಶೇಷ ಎಚ್ಚರ ಬೇಕು: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಇಪ್ಪತ್ತು ಸೆಂಟಿಮೀಟರ್ ಆಳದ ಪಾತ್ರೆಯನ್ನು ಹಾಗೆಯೇ ಫ್ರಿಜ್‌ಗೆ ತಳ್ಳಿದರೆ ನಡುಭಾಗ ಬೆಳಗಿನ ತನಕ ಬೆಚ್ಚಗೇ ಇರುತ್ತದೆ. ಗಟ್ಟಿ ಪದಾರ್ಥದ ಆಳ ಎರಡರಷ್ಟಾದರೆ ತಣಿಯುವ ಹೊತ್ತು ನಾಲ್ಕರಷ್ಟಾಗುತ್ತದೆ. 5 ಸೆಂಟಿಮೀಟರ್ ಆಳಕ್ಕೆ ಅಗಲ ಪಾತ್ರೆಗಳಲ್ಲಿ ಹರಡಿ, ಸಾರಿನಂಥ ತೆಳು ಪದಾರ್ಥವಾದರೆ ಪಾತ್ರೆಯನ್ನು ಮಂಜುಗಡ್ಡೆ ನೀರಿನಲ್ಲಿ ಕೂರಿಸಿ ಕೈಯಾಡಿಸುತ್ತ ಆರಿಸಿ. ಫ್ರಿಜ್ ಒಳಗೆ ಗಾಳಿ ಓಡಾಡಲು ಜಾಗ ಬಿಡಿ. ಹಬ್ಬದ ರಾತ್ರಿ ತುಂಬಿ ತುಳುಕುವ ಫ್ರಿಜ್‌ನ ಥರ್ಮಾಮೀಟರ್ 5 ದಾಟಿ 9–10ಕ್ಕೆ ಹೋಗುವುದು ಅಪರೂಪವಲ್ಲ. ಪ್ರತಿ ಪಾತ್ರೆಗೂ ಟೇಪಿನ ಮೇಲೆ ತಾರೀಕು. ತಿನ್ನುವಷ್ಟನ್ನೇ ತೆಗೆದು, ಒಂದೇ ಸಲ, ನಡುಭಾಗ 70 ಡಿಗ್ರಿ ದಾಟುವಂತೆ ಬಿಸಿ ಮಾಡಿ.

ಮರುದಿನದಿಂದ: ಡಬ್ಬಿ ಮತ್ತು ತೂಕದ ಯಂತ್ರ

ನಿಜವಾದ ರಿಪೇರಿ ಇಲ್ಲಿದೆ. ಕಟ್ಟೆಯ ಮೇಲಿನ ಡಬ್ಬಿಯಿಂದ ಹೋಗುತ್ತ ಬರುತ್ತ 15 ಗ್ರಾಂ ಸಿಹಿಯ ಚೂರು, ದಿನಕ್ಕೆ ನಾಲ್ಕು ಸಲ. ಸಿಹಿ ನೂರು ಗ್ರಾಂಗೆ 430 ಕಿಲೋಕ್ಯಾಲರಿ ಎಂದರೆ ದಿನಕ್ಕೆ 258, ಇಪ್ಪತ್ತು ದಿನಕ್ಕೆ 5160. ಒಂದು ಕಿಲೋ ಮೈಕೊಬ್ಬಿಗೆ 7700 ಎಂಬ ಅಂದಾಜು ಹಿಡಿದರೆ ಅದರ ಮೂರನೇ ಎರಡು ಭಾಗ. ಇದನ್ನು ಯಾರೂ ‘ಊಟ’ ಎಂದು ಎಣಿಸುವುದಿಲ್ಲ.

ಆದ್ದರಿಂದ ಮರುದಿನ ಬೆಳಿಗ್ಗೆಯೇ ದೊಡ್ಡ ಡಬ್ಬಿ ಖಾಲಿ ಮಾಡಿ. 100 ಗ್ರಾಂನ ಸಣ್ಣ ಡಬ್ಬಿಗಳಿಗೆ ತುಂಬಿ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಡಬ್ಬಿ, ಊಟದ ಜೊತೆ, ತಟ್ಟೆಯಲ್ಲಿ. ಪಾರದರ್ಶಕ ಡಬ್ಬಿ ಬೇಡ, ಕೈಗೆಟುಕುವ ಜಾಗ ಬೇಡ. ವಾರದಲ್ಲಿ ಮುಗಿಯದಷ್ಟಿದ್ದರೆ ಅಂದೇ ಹಂಚಿ. ಹತ್ತು ದಿನ ಕಳೆದ ಮೇಲೆ ಕೊಡಲೂ ಮನಸ್ಸಾಗದು, ಎಸೆಯಲೂ ಆಗದು, ಕೊನೆಗೆ ಹೊಟ್ಟೆಯೇ ಗತಿ. ಡಬ್ಬಿ ಖಾಲಿಯಾದ ಜಾಗದಲ್ಲಿ ತೊಳೆದ ಹಣ್ಣು, ಹುರಿದ ಕಾಳು ಇಡಿ. ಖಾಲಿ ಬಿಟ್ಟರೆ ಅಲ್ಲಿ ಬೇರೆ ಡಬ್ಬಿ ಬಂದು ಕೂರುತ್ತದೆ.

ಮರುದಿನ ತೂಕದ ಯಂತ್ರ ಒಂದು ಕಿಲೋ ಹೆಚ್ಚು ತೋರಿಸಿದರೆ ಹೆದರಬೇಡಿ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಖರ್ಚಿನ ಮೇಲೆ 7700 ಕಿಲೋಕ್ಯಾಲರಿ ಹೆಚ್ಚು ತಿಂದಿರಬೇಕು. ಒಂದೂಟದಲ್ಲಿ ಅದು ಆಗದ ಮಾತು. ಅದು ಉಪ್ಪು ಹಿಡಿದಿಟ್ಟ ನೀರು, ಕರುಳಲ್ಲಿರುವ ಊಟ, ಮತ್ತು ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದನ್ನು ಕೊಬ್ಬೆಂದು ತಿಳಿದು ಉಪವಾಸ ಕೂತರೆ ಆ ಸಂಜೆ ಹಸಿವು ಡಬ್ಬಿಯ ಹತ್ತಿರವೇ ಕರೆದೊಯ್ಯುತ್ತದೆ.

ಅಳತೆ ಹೀಗಿರಲಿ: ಬೆಳಿಗ್ಗೆ ಶೌಚದ ನಂತರ, ತಿನ್ನುವ ಮೊದಲು, ಅದೇ ನೆಲದ ಮೇಲೆ. ಏಳು ದಿನದ ಸರಾಸರಿಯನ್ನು ಮಾತ್ರ ನೋಡಿ. ಸೊಂಟದ ಅಳತೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ. 2000ದಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ ರಜೆ-ಹಬ್ಬಗಳ ವಾರಗಳಲ್ಲಿ ಏರಿದ ಸರಾಸರಿ ತೂಕ 0.37 ಕಿಲೋ ಮಾತ್ರ. ತೊಂದರೆ ಎಂದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ. ಅಷ್ಟು ಸಣ್ಣ ಏರಿಕೆ ಒಂದು ದಿನದ ಓದಿನಲ್ಲಿ ಕಾಣುವುದೇ ಇಲ್ಲ, ಸರಾಸರಿಯಲ್ಲಿ ಕಾಣುತ್ತದೆ.

ಕೊನೆಯ ನಮೂದು ಡಬ್ಬಿಗಳದ್ದು. ಹತ್ತನೇ ದಿನ ಪ್ರತಿ ಬಗೆಯಲ್ಲೂ ಉಳಿದದ್ದನ್ನು ತೂಗಿ, ಮಾಡಿದ ತೂಕದ ಪಕ್ಕ ಬರೆಯಿರಿ: ಮಾಡಿದ್ದು 600, ಉಳಿದದ್ದು 180 ಎಂದಿದ್ದರೆ ಮುಂದಿನ ಹಬ್ಬಕ್ಕೆ ಅದು 420. ಆ ಚೀಟಿಯನ್ನು ಹಿಟ್ಟಿನ ಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸಿ, ಮುಂದಿನ ಸಲ ಹಿಟ್ಟು ಅಳೆಯುವಾಗಲೇ ಕಣ್ಣಿಗೆ ಬೀಳುತ್ತದೆ.